ನಗರ ಬಂದಾಗ ಕಾರಿಂದ ಇಳಿಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಶಿವಮೊಗ್ಗದ ಕಡೆಯಿಂದ ಕೊಲ್ಲೂರಿಗೆ ಹೋಗಿದ್ದೀರಲ್ಲ? ಹೊಸನಗರ ದಾಟಿ? ಹಾಗಾದರೆ ದಾರಿಯಲ್ಲಿ ಸಿಗುವ ನಗರ ಅನ್ನುವ ಊರಿನ ಕೋಟೆ ನಿಮಗೆ ಗೊತ್ತು. ರಸ್ತೆ ಪಕ್ಕದಲ್ಲೇ ಇದೆ. ಪಾಚಿ ಹಿಡಿದು ಕಪ್ಪಾದ ಗೋಡೆ, ಬಾಗಿಲ ಹತ್ತಿರ ದುಂಡನೆಯ ಬುರುಜು. ಅಲ್ಲಿ ನೀವು ಏನು ಮಾಡಿದಿರಿ ಅಂತ ನಾನೇ ಹೇಳಲಾ? ಕಾರು ನಿಲ್ಲಿಸಿದಿರಿ. ಬಾಗಿಲ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿರಿ. ಒಬ್ಬರು "ಒಳಗೆ ಏನಿದೆಯಂತೆ?" ಅಂದರು. ಇನ್ನೊಬ್ಬರು "ಏನಿಲ್ಲ, ಬರೀ ಬಿದ್ದ ಗೋಡೆ" ಅಂದರು. ಮತ್ತೆ ಕಾರು ಹತ್ತಿದಿರಿ. ಪೂಜೆಗೆ ಹೊತ್ತಾಗುತ್ತದೆ, ನಿಜ. ಆದರೂ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಹೊಟ್ಟೆ ಉರಿಯುತ್ತದೆ.

ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ನಗರದಲ್ಲಿ ಕಾರಿಂದ ಇಳಿಯಿರಿ. ಇಳಿದು ನಡೆಯಿರಿ.

ನಡೆಯಿರಿ ಅಂದ ಕೂಡಲೇ ಬೆನ್ನಿಗೆ ಚೀಲ, ಕೈಗೆ ಕೋಲು ಅಂದುಕೊಳ್ಳಬೇಡಿ. ಕೊಡಚಾದ್ರಿ ಹತ್ತುವ ಮಾತಲ್ಲ ಇದು. ಅದು 1343 ಮೀಟರ್ ಎತ್ತರ, ಅದರ ದಾರಿಯೇ ಬೇರೆ. ನಾನು ಹೇಳುತ್ತಿರುವುದು ಸಂಜೆ ಅಂಗಡಿಗೆ ಹೋಗಿ ಬರುವಷ್ಟು ನಡಿಗೆ. ಮಂಡಿ ನೋವಿನವರು, ಬಿಪಿ ಇರುವವರು, ಸೊಂಟದ ಮೇಲೆ ಮಗು ಎತ್ತಿಕೊಂಡವರು, ಎಲ್ಲರಿಗೂ ಆಗುತ್ತದೆ.

ನಗರ ಈಗ ಸಣ್ಣ ಪೇಟೆ. ಆದರೆ ಹಿಂದೆ ಅದು ಬಿದನೂರು, ಕೆಳದಿ ಅರಸರ ರಾಜಧಾನಿ. ಬಿದಿರು ಜಾಸ್ತಿ ಇದ್ದ ಊರು, ಅದಕ್ಕೇ ಆ ಹೆಸರು. ಅವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ 1640ರ ಹೊತ್ತಿಗೆ ಇಲ್ಲಿ. ಶಿವಪ್ಪ ನಾಯಕ ಆಳಿದ್ದು ಇಲ್ಲಿಂದಲೇ. ಅವನು ಗದ್ದೆ ತೋಟ ಅಳೆಸಿ, ಮಣ್ಣು ನೋಡಿ ಕಂದಾಯ ಕಟ್ಟಿದ. ಅದಕ್ಕೆ ಶಿಸ್ತು ಅಂತ ಹೆಸರು. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಚೆನ್ನಮ್ಮಾಜಿ ಇದೇ ಮನೆತನದ ರಾಣಿ. 1763ರಲ್ಲಿ ಹೈದರ್ ಅಲಿ ಬಂದು ಊರು ಹಿಡಿದ, ಹೈದರ್ ನಗರ ಅಂತ ಕರೆದ. ಹೈದರ್ ಹೋದ, ನಗರ ಉಳಿಯಿತು.

ಇಷ್ಟು ದೊಡ್ಡ ರಾಜ್ಯದವರು ರಾಜಧಾನಿಯನ್ನು ತಂದು ಈ ಕಾಡಿನ ಮಧ್ಯೆ ಯಾಕಿಟ್ಟರು? ಮಕ್ಕಳು ಯಾವಾಗಲೂ ಕೇಳುತ್ತಾರೆ, ದೊಡ್ಡವರು ಕೇಳುವುದಿಲ್ಲ. ಕಾಡೇ ಅವರ ಹೊರಗೋಡೆ. ಸುತ್ತ ಗುಡ್ಡ, ಗುಡ್ಡದ ನಡುವೆ ಕಂಡಿ. ಆ ಕಂಡಿಗಳನ್ನು ಕಾದರೆ ಊರು ಕಾದ ಹಾಗೆ. ಇದೇ ಕಾಡಿನ ಕಾಳುಮೆಣಸು ಘಟ್ಟ ಇಳಿದು ಕರಾವಳಿಯ ಬಂದರಿಗೆ ಹೋಗುತ್ತಿತ್ತು. ಬೊಕ್ಕಸ ತುಂಬಿದ್ದೂ ಕಾಡಿನಿಂದಲೇ. ಇದು ಕಾರಿನ ಕಿಟಕಿಯಿಂದ ಕಾಣುವುದಿಲ್ಲ. ಕೋಟೆಯೊಳಗೆ ಹೋಗಿ, ನಿಧಾನಕ್ಕೆ ಮೇಲೆ ಹತ್ತಿ, ಪಶ್ಚಿಮಕ್ಕೆ ತಿರುಗಿ ನಿಂತರೆ ಕಾಣುತ್ತದೆ. ಒಂದರ ಹಿಂದೆ ಒಂದು ಗುಡ್ಡ, ಎಲ್ಲ ಹಸಿರು, ಕೊನೆಗೆ ನೀಲಿ. ಅಕ್ಕ ತಂಗಿ ಕೊಳ ಅಂತ ಇದೆ, ಅದನ್ನೂ ನೋಡಿ. ಹೋಗಿ ಬರಲು ಒಂದು ಗಂಟೆ ಸಾಕು.

ಈಗ ನನಗೆ ಇಷ್ಟವಾದ ಜಾಗಕ್ಕೆ ಬರುತ್ತೇನೆ. ದೇವಗಂಗೆ. ಪೇಟೆಯಿಂದ ನಾಲ್ಕೈದು ಕಿಲೋಮೀಟರ್. ಕೆಳದಿಯವರು ಕಾಡಿನ ಅಂಚಿನಲ್ಲಿ ಕಟ್ಟಿಸಿದ ಕೊಳಗಳು. ಒಂದೊಂದಕ್ಕೆ ಒಂದೊಂದು ಆಕಾರ. ದೊಡ್ಡದರ ನಡುವೆ ಮಂಟಪ.

ಒಂದು ಸಲ ಏಪ್ರಿಲ್‌ನಲ್ಲಿ ಹತ್ತು ಹನ್ನೆರಡು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ನಮ್ಮ ದೊಡ್ಡಮ್ಮ. ಎಪ್ಪತ್ತೆರಡು ವರ್ಷ. ಎರಡೂ ಮಂಡಿ ನೋವು. ಮದುವೆಮನೆಗೆ ಬಂದವಳು, ಮನೆಯಲ್ಲಿ ಬೇಜಾರು ಅಂತ ಕಾರು ಹತ್ತಿದ್ದಳು. ದೇವಗಂಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ನಾನು ಕಾರು ನಿಲ್ಲಿಸಿದೆ. "ಎಂತ ಅಪ್ಪಿ, ನಾ ಇಲ್ಲೇ ಕೂತಿರ್ತೆ. ನೀವು ಹೋಗಿ ಬನ್ನಿ" ಅಂದಳು. ಸರಿ ಅಂತ ನಾನು ಬಾಗಿಲು ಹಾಕುವಷ್ಟರಲ್ಲಿ ಅವಳ ಕಣ್ಣು ದರೆಯ ಬುಡಕ್ಕೆ ಬಿತ್ತು. ಮುರುಗಲು ಹಣ್ಣು ಉದುರಿ ನೆಲ ಕೆಂಪಾಗಿತ್ತು. ಅಷ್ಟೇ. ನಾನು ಕೈ ಹಿಡಿಯುವ ಮೊದಲೇ ಇಳಿದಾಗಿತ್ತು. ಸೆರಗಿನ ತುಂಬ ಹಣ್ಣು ಆರಿಸಿಕೊಂಡು, ಬಗ್ಗುತ್ತ ಏಳುತ್ತ, ನಮಗಿಂತ ಮುಂದೆ ಹೊರಟುಬಿಟ್ಟಳು.

ಕೊಳದ ಹತ್ತಿರ ನಾನು ನನ್ನ ಭಾಷಣ ಶುರು ಮಾಡಿದೆ. ಕೆಳದಿ ವಾಸ್ತು, ಕೆಳದಿ ಶಿಲ್ಪ, ಕಾಗದ ನೋಡಿಕೊಂಡು. ಒಬ್ಬ ಹುಡುಗ ಕೇಳಿದ, "ಸಾರ್, ಬೇಸಿಗೆಯಲ್ಲೂ ಈ ನೀರು ಎಲ್ಲಿಂದ ಬರುತ್ತೆ?" ನಾನು ಗುಡ್ಡದ ಕಡೆ ಕೈ ತೋರಿಸಿದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರಲಿಲ್ಲ. ದೊಡ್ಡಮ್ಮ ಕಲ್ಲಿನ ಕಾಲುವೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರಿಗೆ ಮೊಣಕೈವರೆಗೆ ಕೈ ಇಳಿಸಿದಳು. "ತಣ್ಣಗಿದ್ದು. ಇದು ನಿಂತ ನೀರಲ್ಲ, ಅಬ್ಬಿ ನೀರು" ಅಂದಳು. "ನಮ್ಮನೆ ಹಿತ್ತಿಲಿಗೆ ಗುಡ್ಡದಿಂದ ಅಡಿಕೆ ದಂಬೆ ಹಾಕಿ ನೀರು ತರ್ತಿರಲಿಲ್ವಾ? ರಾಜ ಕಲ್ಲಲ್ಲಿ ಮಾಡ್ಸಿದ್ದಾನೆ. ಅಷ್ಟೇ ವ್ಯತ್ಯಾಸ."

ನನ್ನ ಕಾಗದ ಅಲ್ಲಿಗೆ ಮುಗಿಯಿತು.

ಆಮೇಲೆ ಅವಳು ಮಾಡಿದ್ದು ನೋಡಿ. ಒಂದು ಮುರುಗಲು ಹಣ್ಣು ಚೀಪಿ, ಅದರ ಸಿಪ್ಪೆಯನ್ನು ಮೇಲಿನ ಕಾಲುವೆಗೆ ಹಾಕಿದಳು. "ಎಲ್ಲಿ ಹೋಗ್ತು ನೋಡಿ" ಅಂದಳು. ಸಿಪ್ಪೆ ತೇಲುತ್ತ ಹೊರಟಿತು. ಅದರ ಹಿಂದೆ ನಾವು ಹತ್ತು ಹನ್ನೆರಡು ಜನ, ಕೆಂಪು ಸಿಪ್ಪೆಯ ಮೇಲೆ ಕಣ್ಣಿಟ್ಟು. ಅದು ಕಲ್ಲಿಗೆ ಸಿಕ್ಕಿ ನಿಂತರೆ ನಾವೂ ನಿಂತೆವು. ನಿಂತಲ್ಲಿ ಕಲ್ಲಿನ ಕೆತ್ತನೆ ಕಂಡಿತು, ಮೆಟ್ಟಿಲಿನ ಸವಕಲು ಕಂಡಿತು, ಸಂದಿಯಲ್ಲಿ ಕೂತ ಕಪ್ಪೆ ಕಂಡಿತು. ಅದು ಮತ್ತೆ ಹೊರಟರೆ ನಾವೂ ಹೊರಟೆವು. ದೊಡ್ಡ ಕೊಳಕ್ಕೆ ಬಂದ ಮೇಲೆ ಮಂಟಪದ ಕಡೆ ಮುಖ ಮಾಡಿ ಸುಮ್ನೆ ತಿರುಗುತ್ತ ಉಳಿಯಿತು. ಮಾತಿಲ್ಲದೆ ಎಲ್ಲರೂ ಮೆಟ್ಟಿಲ ಮೇಲೆ ಕೂತೆವು. ಮೇಲಿನ ಮರದಲ್ಲಿ ಸಿಳ್ಳಾರ ಹಕ್ಕಿಯೊಂದು ಶಾಲೆ ಬಿಟ್ಟ ಹುಡುಗನ ಹಾಗೆ ಸಿಳ್ಳೆ ಹಾಕುತ್ತಿತ್ತು. ಒಟ್ಟು ಎಷ್ಟು ನಡೆದಿದ್ದೆವು? ಅರ್ಧ ಕಿಲೋಮೀಟರ್ ಕೂಡ ಆಗಲಿಕ್ಕಿಲ್ಲ. ಹಿಡಿದ ಹೊತ್ತು ಎರಡು ಗಂಟೆ.

ವಾಪಸು ಬಂದು ಕಾರು ಹತ್ತುವಾಗ ದೊಡ್ಡಮ್ಮ "ಅಯ್ಯಪ್ಪಾ" ಅಂದಳು. ಮಂಡಿ ನೋವು ನೆನಪಾದದ್ದು ಆಗಲೇ.

ನೋಡಿ, ಈ ಭಾಷಣದ ಅರ್ಧ ಹೊತ್ತು ದೊಡ್ಡಮ್ಮನೇ ತೆಗೆದುಕೊಂಡಳು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಗರದ ಗುಡ್ಡೆ ವೆಂಕಟರಮಣ ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ. ಕೊಪ್ಪಲು ಮಠದಲ್ಲಿ ಕೆಳದಿ ಅರಸರ ಸಮಾಧಿಗಳಿವೆ, ಅಲ್ಲಿಗೂ ನಡೆದೇ ಹೋಗಿ. ಕವಲೇದುರ್ಗದ ಕೋಟೆಯ ಬಗ್ಗೆ ಹೇಳಬೇಕಿತ್ತು. ಗದ್ದೆಯಂಚು, ಕಲ್ಲು ಹಾಸಿದ ದಾರಿ, ಬಾಗಿಲ ಮೇಲೆ ಬಾಗಿಲು. ಆದರೆ ಅದಕ್ಕೆ ಅರ್ಧ ದಿನ ಬೇಕು, ನನಗೂ ಇನ್ನೊಂದು ಭಾಷಣ ಬೇಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬರಬೇಡಿ ಅನ್ನುವುದಿಲ್ಲ. ಆದರೆ ಹುಲಿಕಲ್ ಪಕ್ಕದಲ್ಲೇ ಇದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಅದೂ ಒಂದು. ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತುತ್ತವೆ. ಹತ್ತಿದರೆ ಕೂಗಾಡಬೇಡಿ, ಅದರ ಮೇಲೆ ಚಿಟಿಕೆ ಉಪ್ಪು ಹಾಕಿ, ಬಿಟ್ಟು ಬೀಳುತ್ತದೆ. ಕತ್ತಲಾಗುವ ಮುಂಚೆ ಕಾಡಂಚು ಬಿಟ್ಟು ಬನ್ನಿ, ಕಾಡುಕೋಣ ರಸ್ತೆಗೆ ಬರುತ್ತವೆ. ಮೊಬೈಲಿನಲ್ಲಿ ಹಾಡು ಹಾಕಬೇಡಿ. ಕೊಳದಲ್ಲಿ ಸೋಪು ಹಚ್ಚಿ ಸ್ನಾನ ಮಾಡುವವರೂ ಇದ್ದಾರೆ. ಅವರಿಗೆ ಹೇಳಲು ನನ್ನ ಹತ್ತಿರ ರೇಡಿಯೋದಲ್ಲಿ ಹೇಳುವಂಥ ಮಾತಿಲ್ಲ.

ಮುಂದಿನ ಸಲ ಕೊಲ್ಲೂರಿಗೆ ಹೊರಡುವಾಗ ಮನೆಯಿಂದ ಎರಡು ಗಂಟೆ ಮುಂಚೆ ಹೊರಡಿ. ಡ್ರೈವರಿಗೆ ಮೊದಲೇ ಹೇಳಿಡಿ, ನಗರದಲ್ಲಿ ಇಳಿಯುತ್ತೇವೆ ಅಂತ. ಕಾಲಿಗೆ ಮಾಮೂಲಿ ಚಪ್ಪಲಿ ಸಾಕು. ಅಂಗಡಿಯಲ್ಲಿ ಒಂದು ಚಾ ಕುಡಿದು, ಕೋಟೆ ಬಾಗಿಲು ದಾಟಿ ಒಳಗೆ ಹೋಗಿ. ಫೋಟೊ ವಾಪಸು ಬರುವಾಗ ತೆಗೆದರಾಯಿತು.

ನಮಸ್ಕಾರ.