ಮತ್ತೆ ಅದೇ ಪಾಪ ಮಾಡಿದೆ, ದೇವರು ಕೈಬಿಟ್ಟನಾ?

[ದೃಶ್ಯ: ಪ್ರಾರ್ಥನಾ ಮಂದಿರದ ಬಾಗಿಲು, ಹೊರಗೆ ಚಪ್ಪಲಿಗಳ ಸಾಲು]

ಎಲ್ಲರಿಗೂ ನಮಸ್ಕಾರ, ಬೆಳಗಾವಿಯಿಂದ.

ಯೇಸುವಿನ ಮರಣ ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ಭಾನುವಾರ ನಮ್ಮ ಸಭೆಗಳಲ್ಲಿ ಒಂದು ಮಾತ್ರ ತಪ್ಪುವುದಿಲ್ಲ. ರೊಟ್ಟಿ, ದ್ರಾಕ್ಷಾರಸ ಮುಂದೆ ಬರುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬಿಬ್ಬರು ಸುಮ್ನೆ ಎದ್ದು ಹೋಗುತ್ತಾರೆ. ಕೇಳಿದರೆ, "ಕುಡಿಯೋದು ಬಿಡ್ತೀನಿ ಅಂತ ಪ್ರಾರ್ಥನೆ ಮಾಡಿದ್ದೆ. ಮತ್ತೆ ಕುಡಿದೆ. ಯಾವ ಮುಖ ಇಟ್ಕೊಂಡು ಮುಂದೆ ಹೋಗ್ಲಿ?" ಲಂಡನ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಬೆಳಗಾವಿಗೆ ಬಂದದ್ದು 1820ರಲ್ಲಿ. ಇನ್ನೂರು ವರ್ಷ ಪ್ರಸಂಗ ಕೇಳಿದ ಊರು, ಆದರೂ ಈ ಪ್ರಶ್ನೆ ಹೋಗಿಲ್ಲ.

ಸಾಮಾನ್ಯವಾಗಿ ಇದಕ್ಕೆ ಯೇಸು ಹೇಳಿದ ತಪ್ಪಿಹೋದ ಮಗನ ಕಥೆ ಹೇಳುತ್ತಾರೆ, ಮನೆ ಬಿಟ್ಟುಹೋಗಿ ವಾಪಸ್ ಬಂದವನನ್ನು ತಂದೆ ಅಪ್ಪಿಕೊಂಡ ಕಥೆ. ಒಳ್ಳೆಯದೇ. ಆದರೆ ಆ ಕಥೆಯಲ್ಲಿ ಅವನು ಮನೆ ಬಿಟ್ಟದ್ದು ಒಂದೇ ಸಲ. ನಮ್ಮದು ಅಷ್ಟು ಸಲೀಸಲ್ಲ, ಅಲ್ವಾ? ಅದಕ್ಕೇ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಹೋಶೇಯನ ಪುಸ್ತಕ ತೆಗೆಯೋಣ.

[ಪರದೆ ಮೇಲೆ: ಹೋಶೇಯ 3:2]

ಕ್ರಿಸ್ತಪೂರ್ವ 8ನೇ ಶತಮಾನ, ಇಸ್ರಾಯೇಲ್ ರಾಜ್ಯ. ಪ್ರವಾದಿ ಹೋಶೇಯನ ಹೆಂಡತಿ ಬೇರೆಯವರ ಹಿಂದೆ ಹೋಗಿದ್ದಾಳೆ. ದೇವರು ಹೇಳುತ್ತಾನೆ, ಹೋಗಿ ಅವಳನ್ನು ಮತ್ತೆ ಪ್ರೀತಿಸು, ಬೇರೆ ದೇವರುಗಳ ಹಿಂದೆ ಹೋದ ಇಸ್ರಾಯೇಲರನ್ನು ನಾನು ಪ್ರೀತಿಸುವ ಹಾಗೆ. ಅವನು ಹೋಗಿ ಬಿಡಿಸಿಕೊಂಡು ಬರುತ್ತಾನೆ. ಕೊಟ್ಟದ್ದು 15 ಶೆಕೆಲ್ (ಆಗಿನ ತೂಕ) ಬೆಳ್ಳಿ, ಮೇಲೆ ಒಂದೂವರೆ ಹೋಮೆರ್ (ಕಾಳಿನ ಅಳತೆ) ಜವೆಗೋದಿ. ಮೋಶೆಯ ಧರ್ಮಶಾಸ್ತ್ರದಲ್ಲಿ ಎತ್ತು ಹಾದು ದಾಸಿ ಸತ್ತರೆ ಅವಳ ಧಣಿಗೆ ಕೊಡಬೇಕಾದ್ದು 30 ಶೆಕೆಲ್. ಹೋಶೇಯ ಕೊಟ್ಟ ಬೆಳ್ಳಿ ಅದರ ಅರ್ಧ. ಪೂರ್ತಿ ಬೆಳ್ಳಿ ಅವನ ಕೈಯಲ್ಲಿ ಇರಲಿಲ್ಲವೇನೋ, ಉಳಿದದ್ದಕ್ಕೆ ಕಾಳು ಅಳೆದುಕೊಟ್ಟ ಅಂತ ನನಗನ್ನಿಸುತ್ತದೆ. ಅದೂ ತನ್ನದೇ ಹೆಂಡತಿಗಾಗಿ!

ದೇವರು ಪಾಪವನ್ನು ಹಗುರವಾಗಿ ನೋಡುವುದಿಲ್ಲ. ಅದಕ್ಕೆ ಬೆಲೆ ಇದೆ. ಆ ಬೆಲೆ ತೆರುವವನು ಅವನೇ. ನಾವು ಸುಧಾರಿಸಿದ ಮೇಲಲ್ಲ, ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎಂದು ಪೌಲನು ರೋಮಿನವರಿಗೆ ಬರೆದದ್ದೂ ಇದನ್ನೇ.

[ದೃಶ್ಯ: ಕ್ಯಾಂಪ್ ರಸ್ತೆ, ಚಳಿಗಾಲದ ಬೆಳಿಗ್ಗೆ]

ನಿಮ್ಮ ಪ್ರೀತಿ ಬೆಳಗಿನ ಮಂಜು ಎನ್ನುತ್ತಾನೆ ಹೋಶೇಯ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಏಳು ಗಂಟೆಗೆ ಎದುರಿನ ಬೈಕ್ ಕಾಣುವುದಿಲ್ಲ, ಹತ್ತಕ್ಕೆ ನೋಡಿದರೆ ಬರೀ ಬಿಸಿಲು. ಕನ್ವೆನ್ಷನ್, ಅಂದರೆ ದೊಡ್ಡ ಪ್ರಾರ್ಥನಾ ಕೂಟದ ರಾತ್ರಿ ಕಣ್ಣೀರು, ಸೋಮವಾರ ಮತ್ತೆ ಹಳೆಯ ದಾರಿ. ಇಂಥ ಜನರಿಗೇ 11ನೇ ಅಧ್ಯಾಯದಲ್ಲಿ ದೇವರು ಕೇಳುತ್ತಾನೆ, ನಿನ್ನನ್ನು ಹೇಗೆ ಬಿಟ್ಟುಬಿಡಲಿ? ಕಾರಣವನ್ನೂ ಅವನೇ ಹೇಳುತ್ತಾನೆ: ನಾನು ಮನುಷ್ಯನಲ್ಲ, ದೇವರು.

ಹಾಗಾದರೆ ಬೇಕಾದ ಹಾಗೆ ಇರಬಹುದಾ? ಇಲ್ಲ. ಇನ್ನು ಬೇರೆಯವರ ಹತ್ತಿರ ಹೋಗಬೇಡ ಎಂದೇ ಹೋಶೇಯ ಅವಳನ್ನು ಕರೆತಂದ. ಇಸ್ರಾಯೇಲಿಗೂ ಪಾಪದ ಫಲ ತಪ್ಪಲಿಲ್ಲ, ಅದರ ರಾಜಧಾನಿ ಸಮಾರ್ಯ ಅಶ್ಶೂರ ಸಾಮ್ರಾಜ್ಯದವರ ಕೈಗೆ ಬಿತ್ತು.

ಆದರೆ ವಾಪಸ್ ಬರುವ ದಾರಿ ಮುಚ್ಚಲಿಲ್ಲ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ, ಯಾಕೆಂದರೆ ಅವನು ನಂಬಿಗಸ್ತ ಎಂದು ಯೋಹಾನನು ಬರೆದದ್ದು ವಿಶ್ವಾಸಿಗಳಿಗೇ. ಎಷ್ಟು ಅತ್ತಿರಿ, ಇದು ಎಷ್ಟನೇ ಸಲ ಎಂಬ ಲೆಕ್ಕ ಅಲ್ಲಿಲ್ಲ.

ಬರುವಾಗ ಏನು ತರಬೇಕು? ಹೋಶೇಯನ ಕೊನೆಯ ಅಧ್ಯಾಯ ಕೇಳುವುದು ಬರೀ ಮಾತು. ಏನು ಹೇಳಬೇಕು ಅಂತಾನೂ ಅಲ್ಲೇ ಬರೆದುಕೊಟ್ಟಿದೆ. ಒಂಬತ್ತೇ ವಚನ. ವಿಡಿಯೋ ಇಲ್ಲೇ ನಿಲ್ಲಿಸಿ, ಓದಿ.