ಮಾವನ ಕೂಲಿಂಗ್ ಗ್ಲಾಸ್

ಕೇಳುಗರಿಗೆ ನಮಸ್ಕಾರ.

ಬಿಸಿಲಿಗೆ ಹಾಕುವ ಕಪ್ಪು ಕನ್ನಡಕಕ್ಕೆ ನಮ್ಮ ಉಡುಪಿ ಕಡೆ ಕೂಲಿಂಗ್ ಗ್ಲಾಸ್ ಅನ್ನುತ್ತೇವೆ. ಮುಂಬೈಗೆ ಬಂದರೆ ಅದೇ ಗಾಗಲ್. ದಾದರ್ ಸ್ಟೇಷನ್ನಿನ ಹೊರಗೆ ರಟ್ಟಿಗೆ ಸಿಕ್ಕಿಸಿ ಮಾರುತ್ತಾರಲ್ಲ, ಅದೇ. ಚಿನ್ನದ ಬಣ್ಣದ ತೆಳು ಕಡ್ಡಿ, ನೀರಹನಿಯಂತೆ ಕೆಳಗೆ ಜಗ್ಗಿದ ಹಸಿರು ಗಾಜು. ಈ ಏವಿಯೇಟರ್ ಇಲ್ಲದ ರಟ್ಟನ್ನು ನಾನಂತೂ ನೋಡಿಲ್ಲ.

ತಮಾಷೆ ನೋಡಿ, ಇದು ಹುಟ್ಟಿದ್ದೇ ಗಾಗಲ್ ಕಾಟ ತಪ್ಪಿಸಲಿಕ್ಕೆ! ಹಿಂದೆ ವಿಮಾನ ಹಾರಿಸುವವರು ಮುಖಕ್ಕೆ ಬಿಗಿದು ಕಟ್ಟುತ್ತಿದ್ದ ಗಾಗಲ್ಸ್ ಒಳಗೊಳಗೇ ಮಬ್ಬು ಹಿಡಿಯುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಬಾಷ್ ಅಂಡ್ ಲೋಂಬ್ ಕಂಪನಿ ಹಸಿರು ಗಾಜಿನ ಹಗುರ ಕನ್ನಡಕ ಮಾಡಿತು. 1937ರಲ್ಲಿ ಅದು ರೇ-ಬ್ಯಾನ್ ಹೆಸರಿನಲ್ಲಿ ಅಂಗಡಿಗೂ ಬಂತು. ಪೈಲಟ್‌ನ ಕಣ್ಣು ಆಕಾಶದಲ್ಲೇ ನಿಲ್ಲುವುದಿಲ್ಲ, ಗಳಿಗೆಗೊಮ್ಮೆ ಕೆಳಗಿನ ಮೀಟರುಗಳತ್ತ ಇಳಿಯುತ್ತದೆ. ಗಾಜು ಕೆನ್ನೆವರೆಗೆ ಇಳಿದದ್ದು ಅದಕ್ಕೇ, ಚಂದಕ್ಕಲ್ಲ. 1944ರಲ್ಲಿ ಅಮೆರಿಕ ಸೇನೆಯ ಜನರಲ್ ಮೆಕಾರ್ಥರ್ ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ ಮೊಣಕಾಲುದ್ದದ ನೀರಲ್ಲಿ ನಡೆದು ಬರುವ ಫೋಟೊದಲ್ಲೂ ಕಪ್ಪು ಕನ್ನಡಕವಿದೆ. ಚಂದದ ಮಾತು ಶುರುವಾದದ್ದು ಅಂಥ ಫೋಟೊಗಳಿಂದ.

ನನ್ನ ಮಾವ ವಿಮಾನ ಹತ್ತಿದವರಲ್ಲ. ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಬಿಸಿಲೇ ಬೀಳದ ಜಾಗ. ಆದರೂ ಮೇ ತಿಂಗಳಲ್ಲಿ ಮುಂಬೈ ಬಸ್ಸಿನಿಂದ ಇಳಿಯುವಾಗ ಮೂಗಿನ ಮೇಲೆ ಏವಿಯೇಟರ್ ಇರಲೇಬೇಕು. "ಫಾರಿನ್ನಿನದು" ಅನ್ನುತ್ತಿದ್ದರು. ಅಜ್ಜಿ ಮಾತ್ರ ಅಂಗಳದಲ್ಲೇ ತಡೆದು, "ಕಣ್ಣು ಬಂದಿದೆಯಾ ಮಗಾ?" ಎಂದು ಕೇಳುತ್ತಿದ್ದರು. ಊರಿನಲ್ಲಿ ಕಪ್ಪು ಕನ್ನಡಕ ಹಾಕುತ್ತಿದ್ದವರು ಕಣ್ಣುಬೇನೆಯವರು, ಇಲ್ಲವೇ ಪೊರೆ ತೆಗೆಸಿಕೊಂಡವರು.

ಮಾವ ಊರಿಗೆ ಮರಳಿದ ಮೇಲೆ ಆ ಕನ್ನಡಕ ನನ್ನ ಪಾಲಿಗೆ ಬಂತು. ಸ್ಕ್ರೂ ಸಡಿಲವಾಗಿತ್ತು, ಕನ್ನಡಕದ ಅಂಗಡಿಗೆ ಒಯ್ದೆ. ಅಂಗಡಿಯವರು ಪುಟ್ಟ ಯಂತ್ರದೊಳಗೆ ಇಟ್ಟು ನೋಡಿ ತಲೆಯಾಡಿಸಿದರು: ಬಣ್ಣ ಮಾತ್ರ ಇದೆ, ಯುವಿ ಅಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುವುದಿಲ್ಲ. ಗಾಜಿನ ಹಿಂದೆ ಕತ್ತಲಾದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ನೇರಳಾತೀತ ಕಿರಣ ಇನ್ನಷ್ಟು ಒಳನುಗ್ಗುತ್ತದೆ. ಹೀಗಾಗಿ ಬರೀ ಕಪ್ಪು ಗಾಜಿಗಿಂತ ಬರಿಗಣ್ಣೇ ವಾಸಿ ಎಂದರು. ಆ ಕಿರಣ ತಡೆಯುವ, ಯುವಿ 400 ಗುರುತಿನ ಗಾಜು ಹಾಕಿಸಿದೆ. ಕಡ್ಡಿ ಅದೇ, ಆಕಾರ ಅದೇ. ಜುಹೂ ಬೀಚಿನ ಮಧ್ಯಾಹ್ನಕ್ಕೆ ಈಗ ಹೆದರಿಕೆಯಿಲ್ಲ.

ಫಾರಿನ್ ಮಾಲು ದಾದರ್ ಫುಟ್‌ಪಾತಿನದೇ ಇರಬೇಕೆಂದು ಮಾವನಿಗೆ ಇನ್ನೂ ಹೇಳಿಲ್ಲ. ಈ ಹೊತ್ತಿಗೆ ಅವರು ಊಟ ಮುಗಿಸಿ ಮಲಗಿರುತ್ತಾರೆ ಎಂಬ ಧೈರ್ಯದಲ್ಲಿ ರೇಡಿಯೊದಲ್ಲಿ ಹೇಳುತ್ತಿದ್ದೇನೆ.