ಬರೀ ಪ್ಲೇಟ್ ಸಾಕು ಎನ್ನುವ ಮಹನೀಯರಿಗೆ

ನಮಸ್ಕಾರ. ಈ ಚಾನೆಲ್ಲಿನ ಕಳೆದ ವಿಡಿಯೋ ಸಂಚಿಕೆಯಲ್ಲಿ ನನ್ನ ಟ್ರಯಂಫ್ ಸ್ಪಿಟ್‌ಫೈರ್ 1500 ಕಾರಿನ ಗೇರ್‌ಬಾಕ್ಸನ್ನು ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿಯೇ ಇಳಿಸಿ ತೋರಿಸಿದ್ದೆ. ಅದನ್ನು ನೋಡಿದ ಒಬ್ಬ ಮಹನೀಯರು ಬರೆದಿದ್ದಾರೆ: "ಸವೆದದ್ದು ಕ್ಲಚ್ ಪ್ಲೇಟ್ ಒಂದೇ. ಅದಕ್ಕೆ ಹೊಸ ಲೈನಿಂಗ್ ಹೊಡೆಸಿ ಹಾಕಿದರೆ ಮುಗಿಯಿತು. ಜನರಿಗೆ ಸುಮ್ಮನೆ ಖರ್ಚು ಹಚ್ಚಬೇಡಿ." (ಕ್ಲಚ್ ಪ್ಲೇಟ್ ಎಂದರೆ ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆ, ಲೈನಿಂಗ್ ಎಂದರೆ ಅದರ ಮೇಲಿನ ಉಜ್ಜುವ ಹೊದಿಕೆ.) ಇವರಿಗೆ ಉತ್ತರ ಕೊಡದೆ ನನಗೆ ಊಟ ಸೇರುವುದಿಲ್ಲವಾದ್ದರಿಂದ ಇಂದಿನ ಸಂಚಿಕೆಯನ್ನು ಪೂರ್ತಿಯಾಗಿ ಅವರಿಗೇ ಅರ್ಪಿಸಿದ್ದೇನೆ.

ನಾನು ಹೇಳುವುದು ಒಂದೇ ಮಾತು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಬರೀ ಪ್ಲೇಟ್ ಹಾಕಿ ಮುಚ್ಚಬೇಡಿ.

ಈ ಕಾರಿನ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಎರಡು ಸೀಟಿನ ಕಾರು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಇದರ ಅಡಿಯ ಚಾಸಿ ಹೆರಾಲ್ಡ್ ಕಾರಿನದೇ ವಂಶದ್ದು, ಹೌದು, ಮದರಾಸಿನಲ್ಲಿ ತಯಾರಾಗುತ್ತಿದ್ದ, ನಿಮ್ಮ ಊರಿನ ಡಾಕ್ಟರರೊಬ್ಬರ ಮನೆಯ ಮುಂದೆ ನಿಂತಿರುತ್ತಿದ್ದ ಅದೇ ಸ್ಟ್ಯಾಂಡರ್ಡ್ ಹೆರಾಲ್ಡ್. ಅದೇ ಕಾಲದ ಇನ್ನೊಂದು ಬ್ರಿಟಿಷ್ ಕಾರಾದ ಎಂಜಿಬಿಯಲ್ಲಿ ಕ್ಲಚ್ ಬದಲಿಸಬೇಕಾದರೆ ಇಂಜಿನ್ನನ್ನೇ ಮೇಲೆತ್ತಬೇಕು. ಸ್ಪಿಟ್‌ಫೈರಿನಲ್ಲಿ ಹಾಗಿಲ್ಲ, ಸೀಟು, ಕಾರ್ಪೆಟ್ ಮತ್ತು ನಡುವಿನ ಟನಲ್ ಕವರ್ ತೆಗೆದರೆ ಗೇರ್‌ಬಾಕ್ಸನ್ನು ಕಾರಿನ ಒಳಗಿನಿಂದಲೇ ಹೊರತರಬಹುದು. ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವ ಧೈರ್ಯ ನಮ್ಮಂಥವರಿಗೆ ಬರುವುದು ಇದೊಂದೇ ಕಾರಣಕ್ಕೆ.

ಧೈರ್ಯ ಬಂದಿತೆಂದ ಮಾತ್ರಕ್ಕೆ ಕೆಲಸ ಸಲೀಸಲ್ಲ. ಪ್ರೊಪೆಲರ್ ಶಾಫ್ಟ್, ಸ್ಪೀಡೋಮೀಟರ್ ಕೇಬಲ್, ಸ್ಟಾರ್ಟರ್ ಮೋಟರ್, ಸ್ಲೇವ್ ಸಿಲಿಂಡರ್ ಇವನ್ನೆಲ್ಲ ಬಿಡಿಸಿ, ಕ್ಲಚ್ಚನ್ನು ಮುಚ್ಚಿಕೊಂಡಿರುವ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳನ್ನು ಕಣ್ಣಿಗೆ ಕಾಣದೆ ಬೆರಳ ತುದಿಯಿಂದಲೇ ಹುಡುಕಿ ಸಡಿಲಿಸಿ, ಕೊನೆಗೆ ಕಬ್ಬಿಣದ ಆ ಮುದ್ದೆಯನ್ನು ಮಡಿಲಲ್ಲಿ ಮಗುವಿನಂತೆ ಹೊತ್ತು ಬಾಗಿಲಿನಿಂದ ಹೊರಗೆ ಜಾರಿಸುವಷ್ಟರಲ್ಲಿ ನನಗೆ ಎರಡು ಭಾನುವಾರ ಹೋದವು. ಸೊಸೈಟಿಯ ಸೆಕ್ರೆಟರಿಯವರು ನೆಲದ ಮೇಲಿನ ಎಣ್ಣೆಯ ಕಲೆಯ ಬಗ್ಗೆ ಮರಾಠಿಯಲ್ಲಿ ಮಾಡಿದ ಭಾಷಣ ಬೇರೆ. ಇಷ್ಟೆಲ್ಲ ಮಾಡಿ ಒಂದು ಪ್ಲೇಟ್ ಬದಲಿಸಿ ಮುಚ್ಚುವುದೇ? ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ಇದಕ್ಕೇ.

ಪ್ಲೇಟ್ ಒಂಟಿಯಾಗಿ ಸವೆಯುವುದಿಲ್ಲ, ಸ್ವಾಮಿ. ಕಾತ್ರಜ್ ಘಾಟಿನ ಏರಿನಲ್ಲಿ ನಾನು ನಾಲ್ಕನೆಯ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಇಂಜಿನ್ನಿನ ಮುಳ್ಳು ಸರ್ರನೆ ಮೇಲೇರಿತು, ವೇಗದ ಮುಳ್ಳು ಇದ್ದಲ್ಲಿಯೇ ಇತ್ತು. ಹಿಂದೆಯೇ ಸುಟ್ಟ ವಾಸನೆ ಬಂತು. ಹಾಗೆ ಜಾರಿದ ಪ್ಲೇಟ್ ತನ್ನ ಎರಡೂ ಬದಿಯ ಲೋಹವನ್ನು ಕಾಯಿಸಿರುತ್ತದೆ. ಬಿಚ್ಚಿ ನೋಡಿದಾಗ ಇಂಜಿನ್ನಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿನ ಮೇಲೆ ನವಿಲುಗರಿಯಂತಹ ನೀಲಿ ಕಲೆಗಳು, ರಿವೆಟ್ಟಿನ ತಲೆಗಳು ಕೊರೆದ ಎರಡು ವೃತ್ತಗಳು, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳು, ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗ್ ಉಜ್ಜಿದ ಜಾಗದಲ್ಲಿ, ಕನ್ನಡಿಯಂತೆ ಹೊಳೆಯುತ್ತಿದ್ದವು. ಈ ಕೊರೆದ ಮೈಯ ಮೇಲೆ ಹೊಸ ಲೈನಿಂಗ್ ಕೂರಿಸಿದರೆ ಕ್ಲಚ್ ಬಿಡುವಾಗ ಕಾರು ಗಡಗಡ ನಡುಗದೆ ಇನ್ನೇನು ಮಾಡೀತು? ಫ್ಲೈವೀಲನ್ನು ಮೆಷಿನ್ ಮಾಡಿಸಲೇಬೇಕು, ಪ್ರೆಷರ್ ಪ್ಲೇಟ್ ಹೊಸದಾಗಲೇಬೇಕು, ರಿಲೀಸ್ ಬೇರಿಂಗ್ ಅಂತೂ ಕೇಳುವುದೇ ಬೇಡ. ಇಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿರುವ ಸಣ್ಣ ಕಂಚಿನ ಬುಷ್ ಕೂಡ ಬದಲಾಗಬೇಕು. ಹಾಕುವ ಮುನ್ನ ಅದನ್ನು ರಾತ್ರಿಯಿಡೀ ಇಂಜಿನ್ ಎಣ್ಣೆಯಲ್ಲಿ ನೆನೆಯಲು ಬಿಡಿ, ಅವಲಕ್ಕಿ ನೆನೆಸಿದ ಹಾಗೆ ಐದು ನಿಮಿಷವಲ್ಲ. ಇಂಜಿನ್ನಿನ ಹಿಂಬದಿಯ ಎಣ್ಣೆ ಸೀಲ್ ಒಂದು ಹನಿ ಜಿನುಗಿದರೂ ನಿಮ್ಮ ಹೊಸ ಲೈನಿಂಗ್ ಎಣ್ಣೆ ಕುಡಿದು ಮತ್ತೆ ಜಾರುತ್ತದೆ, ಆದ್ದರಿಂದ ಅದೂ ಹೊಸದು. ಹಾಂ, ಒಳಗಿನ ಕಪ್ಪು ಧೂಳನ್ನು ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಊದಬೇಡಿ, ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಇನ್ನೊಂದು ಸಂಗತಿಯನ್ನು ಆ ಮಹನೀಯರು ಕನಸಿನಲ್ಲಿಯೂ ಯೋಚಿಸಿರಲಾರರು. ನೀವು ಕ್ಲಚ್ ಒತ್ತಿದಾಗಲೆಲ್ಲ ಆ ಒತ್ತಡ ಇಡೀ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ದಬ್ಬುತ್ತದೆ. ಅದನ್ನು ತಡೆದು ನಿಲ್ಲಿಸುವುದು ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳು. ಈ ಇಂಜಿನ್ನಿನ ಹಳೆಯ ಕಾಯಿಲೆಯೇ ಅವುಗಳ ಸವೆತ, ಮಿತಿ ಮೀರಿದರೆ ಅವು ಕಳಚಿ ಕೆಳಗಿನ ಎಣ್ಣೆಯ ತೊಟ್ಟಿಗೆ, ಅಂದರೆ ಸಂಪ್‌ಗೆ, ಬೀಳುತ್ತವೆ, ಆಮೇಲೆ ಕ್ಲಚ್ಚಲ್ಲ, ಇಂಜಿನ್ನೇ ಕೆಡುತ್ತದೆ. ಗೇರ್‌ಬಾಕ್ಸ್ ಇಳಿಸುವ ಮುಂಚೆ ತಮ್ಮನ ಮಗನನ್ನು ಬಾನೆಟ್ಟಿನ ಹತ್ತಿರ ಟಾರ್ಚ್ ಕೊಟ್ಟು ನಿಲ್ಲಿಸಿ ನಾನು ಪೆಡಲ್ ಒತ್ತಿದೆ. "ಕಾಕಾ, ಪುಲಿ ಮುಂದ ಬರಾಕತ್ತೈತಿ" ಎಂದ. ಪುಲಿ ಇರುವುದು ಕ್ರ್ಯಾಂಕ್ ಶಾಫ್ಟಿನ ಮುಂತುದಿಯಲ್ಲಿ, ಅದು ಕಣ್ಣಿಗೆ ಕಾಣುವಷ್ಟು ಸರಿದರೆ ವಾಷರುಗಳು ಸವೆದಿವೆ ಎಂದರ್ಥ. ಧಾರವಾಡದಿಂದ ರಜೆಗೆ ಬಂದ ಹುಡುಗನಿಗೆ ಕಂಡದ್ದು ನಮ್ಮ ಲೈನಿಂಗ್ ಪಂಡಿತರಿಗೆ ಕಾಣುವುದಿಲ್ಲ. ಪುಣ್ಯಕ್ಕೆ ಸಂಪ್ ಬಿಚ್ಚಿ ಕೆಳಗಿನಿಂದಲೇ ಆ ವಾಷರುಗಳನ್ನು ಬದಲಿಸಬಹುದು. ಅದನ್ನು ಪ್ರತ್ಯೇಕ ಸಂಚಿಕೆಯಲ್ಲಿ ತೋರಿಸಲಿದ್ದೇನೆ, ಚಾನೆಲ್ಲಿಗೆ ಇನ್ನೂ ಸೇರದವರು ಈಗಲೇ ಸೇರಿಕೊಳ್ಳಿ.

"ಹಳೆಯ ಬೇರಿಂಗ್ ಅಸಲಿ ಮಾಲು, ಹೊಸದೆಲ್ಲ ಕಳಪೆ" ಎಂದು ಇನ್ನೊಬ್ಬರು ಬರೆದಿದ್ದಾರೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೊಳ್ಳಿ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಅವರಿಗೆ ಬೇಕಿಲ್ಲ. ಐವತ್ತು ವರ್ಷ ದುಡಿದ ಅಜ್ಜ ಅಸಲಿ ಎಂದು ಅವನನ್ನು ಕುಸ್ತಿಗೆ ಇಳಿಸುತ್ತೀರಾ? ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನವರು ಇದೇ ಉಳಿತಾಯದ ಪಾಠ ಹೇಳಿ ನನ್ನ ಕಾರಿಗೆ ಪ್ಲೇಟ್ ಮಾತ್ರ ಹಾಕಿ ಕೊಟ್ಟರು. ಎಂಟು ತಿಂಗಳಿಗೆ ಪೆಡಲ್ ಮುಟ್ಟಿದರೆ ಸಾಕು, ಬೇರಿಂಗ್ ಎಣ್ಣೆ ಕಾಣದ ಬಾವಿಯ ರಾಟೆಯಂತೆ ಕಿರುಚತೊಡಗಿತು, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಪೂರ್ತಿ ತೆತ್ತೆ. ಉಳಿಸಿದ್ದು ಒಂದು ಬೇರಿಂಗಿನ ಬೆಲೆ.

ಅದಕ್ಕೇ ಮೂರನೆಯ ಸಲ ಹೇಳುತ್ತಿದ್ದೇನೆ, ಬರೀ ಪ್ಲೇಟ್ ಹಾಕಬೇಡಿ. ಏಕೆ ಎಂದು ಕೇಳಬೇಡಿ. ಕೇಳಿದರೆ ಹಾಕಬೇಡಿ ಎಂದೇ ಹೇಳುತ್ತೇನೆ. ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಯವರು ಹೇಳಿದರೂ ಹಾಕಬೇಡಿ, ನಿಮ್ಮ ಮಾವ ಹೇಳಿದರೂ ಹಾಕಬೇಡಿ, ನಾನೇ ಮುಂದೆಂದಾದರೂ ಮನಸ್ಸು ಬದಲಿಸಿ ಹೇಳಿದರೂ ನನ್ನ ಮಾತು ಕೇಳಬೇಡಿ. ಸೆಕ್ರೆಟರಿಯವರೇ, ನೀವು ಈ ವಿಡಿಯೋ ನೋಡುತ್ತಿದ್ದರೆ, ಆ ಎಣ್ಣೆಯ ಕಲೆ ನನ್ನದಲ್ಲ.

ಬರುವ ಭಾನುವಾರ ಗೇರ್‌ಬಾಕ್ಸ್ ಮೇಲೇರಿಸಿ, ಕ್ಲಚ್ಚಿನ ಹೈಡ್ರಾಲಿಕ್ ಪೈಪಿನಿಂದ ಗಾಳಿ ತೆಗೆಯುವುದನ್ನು ನೇರವಾಗಿ ತೋರಿಸುತ್ತೇನೆ. ನಾನು ಗಾಳಿ ಬಿಡುವ ನಿಪ್ಪಲ್ ತಿರುಗಿಸುವಾಗ ಪೆಡಲ್ ಒತ್ತಲು ಒಬ್ಬರು ಬೇಕು, ಹುಡುಗ ಊರಿಗೆ ಹೊರಟಿದ್ದಾನೆ. ಬರೀ ಪ್ಲೇಟ್ ಸಾಕು ಎಂದ ಮಹನೀಯರು ಪುಣೆಯಲ್ಲಿಯೇ ಇದ್ದರೆ ದಯವಿಟ್ಟು ಬನ್ನಿ. ಚಹಾ ನನ್ನ ಲೆಕ್ಕಕ್ಕೆ.